‘ಲೈನ್’ ಅಂದರೆ ಯಾವ ಲೈನ್? ಹಗ್ಗವೋ, ಪೈಪೋ, ಗೆರೆಯೋ? ಮುಂಬಯಿ ಕನ್ನಡಿಗರು ಸಹಾಯ ಮಾಡಿ

ಪದಪ್ರಿಯೆ, ಮುಲುಂಡ್

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಹೆಚ್ಚಾಗಿ ಸುರಕ್ಷತೆಯ ಪುಸ್ತಿಕೆಗಳು. ಬಂದರು, ಕೆಮಿಕಲ್ ಫ್ಯಾಕ್ಟರಿ, ಗೋಡೌನು, ಹೀಗೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಮುಂಬಯಿ ಸುತ್ತಮುತ್ತ ದುಡಿಯುವವರು ತುಂಬಾ ಜನ ಇದ್ದಾರೆ. ಹಿಂದಿ ಮಾತಾಡಲು ಬರುತ್ತದೆ, ಓದಲು ಮಾತ್ರ ಕನ್ನಡವೇ ಸಲೀಸು ಅನ್ನುವವರಿಗಾಗಿ ಈ ಪುಸ್ತಿಕೆಗಳು.

ಈಗ ಕೈಯಲ್ಲಿರುವುದು ಬೇರೆಯವರು ಮಾಡಿದ ಅನುವಾದ. ತಿದ್ದಿಕೊಡಿ ಎಂದು ಕಳಿಸಿದ್ದಾರೆ. ‘ಲೈನ್’ ಬಂದ ಕಡೆಯೆಲ್ಲ ‘ರೇಖೆ’ ಎಂದು ಹಾಕಿಬಿಟ್ಟಿದ್ದಾರೆ. ನಾಲ್ಕು ಸಾಲು ನೋಡಿ:

“ಹಡಗು ಕಟ್ಟುವಾಗ ರೇಖೆಯಿಂದ ದೂರ ನಿಲ್ಲಿರಿ.”
“ರೇಖೆ ಒಡೆಯುವ ಮೊದಲು ಅನುಮತಿ ಪತ್ರ ಪಡೆಯಿರಿ.”
“ರೇಖೆಯಲ್ಲಿ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಳ್ಳಿರಿ.”
“ತೊಂದರೆ ಕಂಡರೆ ನಿಮ್ಮ ರೇಖಾ ವ್ಯವಸ್ಥಾಪಕರಿಗೆ ತಿಳಿಸಿರಿ.”

ಮೊದಲನೇ ಸಾಲು ಓದಿ ನನಗೆ ನಿಜವಾಗಿಯೂ ಭಯವಾಯಿತು. ಅಲ್ಲಿ ಲೈನ್ ಅಂದರೆ ಹಡಗನ್ನು ಧಕ್ಕೆಗೆ (ಬಂದರಿನಲ್ಲಿ ಹಡಗು ನಿಲ್ಲುವ ಕಟ್ಟೆಗೆ) ಕಟ್ಟುವ ಹಗ್ಗ. ಓದಿದವನು ನೆಲದ ಮೇಲೆ ಬಳಿದ ಹಳದಿ ಗೆರೆ ಹುಡುಕಿ, ಅದರಿಂದ ದೂರ ಸರಿದು, ಸೀದಾ ಹಗ್ಗದ ಪಕ್ಕ ಹೋಗಿ ನಿಂತರೆ ಏನು ಗತಿ?

ನಿಮ್ಮ ನಿಮ್ಮ ಕೆಲಸದಲ್ಲಿ ಲೈನ್ ಅಂದರೆ ಏನು, ಹೇಳಿ. ಮತ್ತೆ, ಎಲ್ಲ ಕಡೆ ಸುಮ್ನೆ ‘ಲೈನ್’ ಎಂದೇ ಬಿಡಬಹುದಾ, ಇಲ್ಲ ಒಂದೊಂದು ಕಡೆ ಒಂದೊಂದು ಪದ ಹಾಕಬೇಕಾ?

ಸೈಟ್ ಸೂಪರ್‌ವೈಸರ್, ಭಿವಂಡಿ

ಲೈನ್ ಅಂತಲೇ ಬಿಡಿ ಮೇಡಂ. ನಮ್ಮ ಹುಡುಗರು ಎಲ್ಲದಕ್ಕೂ ಲೈನ್ ಅಂತಾರೆ. ರೇಖೆ ಅಂದರೆ ಯಾರಿಗೂ ತಿಳಿಯುವುದಿಲ್ಲ.

ಕಡಲತಡಿ

ಮೇಡಂ, ನೀವು ಹೆದರಿದ್ದು ಸರಿಯಾಗಿಯೇ ಇದೆ. ನಾನು ಕಾರವಾರದವನು. ಹಡಗಿನಲ್ಲಿ ಡೆಕ್ ಕೆಲಸ ಮಾಡಿ ಈಗ ನ್ಹಾವಾ ಶೇವಾ ಬಂದರಿನ ಕಡೆ ಇದ್ದೇನೆ. ಹಡಗು ಕಟ್ಟುವ ಹಗ್ಗಕ್ಕೆ ನಾವು ಲೈನ್ ಅಂತಲೇ ಹೇಳುವುದು. ಮುಂದಿನದು ಹೆಡ್ ಲೈನ್, ಹಿಂದಿನದು ಸ್ಟರ್ನ್ ಲೈನ್, ಅಡ್ಡಕ್ಕೆ ಬ್ರೆಸ್ಟ್ ಲೈನ್, ಓರೆಯಾಗಿ ಕಟ್ಟುವುದು ಸ್ಪ್ರಿಂಗ್. ಮೊದಲು ಧಕ್ಕೆಗೆ ಎಸೆಯುವ ಸಣ್ಣ ಹಗ್ಗ ಹೀವಿಂಗ್ ಲೈನ್. ಅದರ ತುದಿಯಲ್ಲಿ ಭಾರದ ಗಂಟು ಇರುತ್ತದೆ. ಕೆಳಗಿದ್ದವರು ಅದನ್ನು ಹಿಡಿದು ಎಳೆದರೆ ಹಿಂದೆಯೇ ದೊಡ್ಡ ಹಗ್ಗ ಬರುತ್ತದೆ.

ಅಪಾಯ ಎಲ್ಲಿ ಅಂದರೆ, ನೈಲಾನ್ ತರಹದ ಹಗ್ಗ ಎಳೆತಕ್ಕೆ ಹಿಗ್ಗುತ್ತದೆ. ಹಿಗ್ಗಿ ಹಿಗ್ಗಿ ಕೊನೆಗೆ ತುಂಡಾದರೆ, ತುಂಡಾದ ತುದಿ ಬಂದ ದಾರಿಯಲ್ಲೇ ವಾಪಸ್ ಬೀಸಿಕೊಂಡು ಬರುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ, ಅಷ್ಟು ಜೋರು. ಕಾಲು ಮುರಿದವರಿದ್ದಾರೆ, ಜೀವ ಹೋದವರಿದ್ದಾರೆ. ಹಗ್ಗ ಬಿಗಿಯಾದಾಗ ಅದರ ನೇರಕ್ಕೆ ನಿಲ್ಲಬಾರದು. ಸುರುಳಿಯ ಒಳಗೆ ಕಾಲಿಡಲೇಬಾರದು. ಇದನ್ನು ‘ರೇಖೆ’ ಅಂತ ಬರೆದವರು ಒಮ್ಮೆ ಧಕ್ಕೆಗೆ ಬಂದು ನೋಡಲಿ.

ಸೂಪರ್‌ವೈಸರ್ ಅಣ್ಣ, ಇಲ್ಲಿ ಲೈನ್ ಅಂತ ಬಿಟ್ಟರೂ ಸಾಲದು. ಗುತ್ತಿಗೆಯಲ್ಲಿ ಹೊಸದಾಗಿ ಬಂದ ಹುಡುಗನಿಗೆ ಲೈನ್ ಅಂದರೆ ಹಗ್ಗ ಅಂತ ಹೇಳಿಕೊಟ್ಟವರು ಯಾರು? ‘ಹಗ್ಗ’ ಅಂತ ಬರೆಯಿರಿ. ಚೆನ್ನಾದ ಕನ್ನಡ ಪದ ಇದೆಯಲ್ಲ.

ಸೇಫ್ಟಿ ತಳೋಜಾ

ಎರಡನೇ ಸಾಲು ನನ್ನದು. ನಾನು ಕೆಮಿಕಲ್ ಪ್ಲಾಂಟಿನಲ್ಲಿ ಸೇಫ್ಟಿ ನೋಡುತ್ತೇನೆ.

ನಮ್ಮಲ್ಲಿ ಲೈನ್ ಅಂದರೆ ಪೈಪು. ಆಸಿಡ್ ಲೈನ್, ಸ್ಟೀಮ್ ಲೈನ್, ನೈಟ್ರೋಜನ್ ಲೈನ್. ‘ಲೈನ್ ಬ್ರೇಕಿಂಗ್’ ಅಂದರೆ ಒಡೆಯುವುದಲ್ಲ, ಮುರಿಯುವುದೂ ಅಲ್ಲ. ಪೈಪಿನ ಜಾಯಿಂಟು ಬಿಚ್ಚುವುದು. ಪೈಪಿನೊಳಗೆ ಏನಿತ್ತು, ಈಗ ಏನು ಉಳಿದಿದೆ ಅನ್ನುವುದು ಗೊತ್ತಾಗುವ ತನಕ ಯಾರೂ ಸ್ಪ್ಯಾನರ್ ಹಚ್ಚಬಾರದು. ಮೊದಲು ಎರಡೂ ಕಡೆಯ ವಾಲ್ವ್ ಮುಚ್ಚಿ ಬೀಗ ಹಾಕಬೇಕು. ಒತ್ತಡ ಇಳಿಸಬೇಕು. ಉಳಿದದ್ದನ್ನು ಖಾಲಿ ಮಾಡಬೇಕು. ಆಮೇಲೆ ಪರ್ಮಿಟ್.

ಪರ್ಮಿಟ್ ಸಿಕ್ಕ ಮೇಲೂ ಬೋಲ್ಟ್ ಸಡಿಲಿಸುವುದಕ್ಕೆ ಒಂದು ಕ್ರಮ ಇದೆ. ಫ್ಲ್ಯಾಂಜಿನಲ್ಲಿ (ಎರಡು ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ಬಳೆ) ನಮ್ಮಿಂದ ದೂರ ಇರುವ ಬೋಲ್ಟನ್ನು ಮೊದಲು ಸಡಿಲಿಸಬೇಕು. ಒಳಗೆ ಏನಾದರೂ ಉಳಿದಿದ್ದರೆ ಆ ಕಡೆಯಿಂದ ಚಿಮ್ಮುತ್ತದೆ, ಮುಖದ ಮೇಲೆ ಬರುವುದಿಲ್ಲ. ಹತ್ತಿರದ ಬೋಲ್ಟಿಗೆ ಕೈ ಹಾಕುವುದು ಸಹಜ, ಯಾಕೆಂದರೆ ಸ್ಪ್ಯಾನರ್ ಅಲ್ಲಿಗೆ ಸುಲಭವಾಗಿ ತಲುಪುತ್ತದೆ. ಅದೇ ಕಂಟಕ.

“ರೇಖೆ ಒಡೆಯುವ ಮೊದಲು” ಅಂತ ಓದಿದ ಫಿಟ್ಟರ್, ಇದು ತನ್ನ ಕೆಲಸದ ಮಾತೇ ಅಲ್ಲ ಅಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾನೆ. “ಪೈಪ್ ಲೈನ್ ಬಿಚ್ಚುವ ಮೊದಲು” ಅಂತ ಬರೆಯಿರಿ ಮೇಡಂ.

ಸೈಟ್ ಸೂಪರ್‌ವೈಸರ್, ಭಿವಂಡಿ

ಪೈಪ್ ಲೈನ್ ಅಂದಿರಲ್ಲ ಸರ್, ಲೈನ್ ಉಳಿಯಿತಲ್ಲ! ನಾನು ಹೇಳಿದ್ದೂ ಅದನ್ನೇ.

ಸೇಫ್ಟಿ ತಳೋಜಾ

ಉಳಿಯಲಿ. ಹಿಂದೆ ‘ಪೈಪ್’ ಇರಬೇಕು ಅಷ್ಟೇ. ಒಂಟಿ ಲೈನ್ ಬೇಡ.

ವೈರಮನ್ ವಸಾಯಿ

ಮೂರನೇ ಸಾಲಿಗೆ ಬರೋಣ. ಕರೆಂಟಿನ ಕೆಲಸದಲ್ಲಿ ಲೈನಿಗೆ ಎರಡು ಅರ್ಥ ಇದೆ. ಲೈನ್‌ಮ್ಯಾನ್ ಹೇಳುವ ಲೈನ್ ಕಂಬದ ಮೇಲಿನ ತಂತಿ. ಮನೆ ವೈರಿಂಗಿನಲ್ಲಿ ಲೈನ್ ಅಂದರೆ ಫೇಸ್, ಕರೆಂಟ್ ತರುವ ತಂತಿ. ಸ್ವಿಚ್ಚಿನ ಹಿಂದೆ ‘ಎಲ್’ ಅಂತ ಗುರುತು ಇರುತ್ತದೆ. ಇನ್ನೊಂದು ನ್ಯೂಟ್ರಲ್, ಮತ್ತೊಂದು ಅರ್ಥಿಂಗ್.

ಮೂರು ಫೇಸಿನ ಲೆಕ್ಕದಲ್ಲಿ ‘ಲೈನ್ ವೋಲ್ಟೇಜ್’ ಅಂದರೆ ಎರಡು ಫೇಸುಗಳ ನಡುವೆ ಅಳೆಯುವುದು. ಮನೆಗೆ ಬರುವುದು 230 ವೋಲ್ಟ್. ಎರಡು ಫೇಸಿನ ನಡುವೆ ಅಳೆದರೆ ಸುಮಾರು 400. 230ನ್ನು 3ರ ವರ್ಗಮೂಲದಿಂದ, ಅಂದರೆ 1.732ರಿಂದ ಗುಣಿಸಿದರೆ ಬರುವ ಲೆಕ್ಕ ಅದು. ಐಟಿಐ ಹುಡುಗರು ಯಾವಾಗಲೂ ಇಲ್ಲೇ ಎಡವುತ್ತಾರೆ.

ನಿಮ್ಮ ಪುಸ್ತಿಕೆಗೆ ‘ತಂತಿ’ ಸಾಕು, ಇಲ್ಲ ‘ಕರೆಂಟ್ ಲೈನ್’.

ಹಳೇ ಮೋಟರ್‌ಮನ್, ಕಲ್ಯಾಣ್

ಮುಂಬಯಿಯಲ್ಲಿ ಕೂತು ಲೈನ್ ಬಗ್ಗೆ ಇಷ್ಟು ಹೊತ್ತು ಮಾತಾಡಿದಿರಿ, ಯಾರೂ ರೈಲಿನ ಹೆಸರು ಎತ್ತಲಿಲ್ಲ!

ಇಲ್ಲಿ ಮನೆ ಹುಡುಕುವವರು ಮೊದಲು ಕೇಳುವುದೇ “ಯಾವ ಲೈನ್?” ಅಂತ. ವೆಸ್ಟರ್ನ್ ಅಂದರೆ ಚರ್ಚ್‌ಗೇಟಿನಿಂದ ವಿರಾರ್, ಅಲ್ಲಿಂದ ಡಹಾಣೂ ರೋಡ್. ಸೆಂಟ್ರಲ್ ಅಂದರೆ ಸಿಎಸ್‌ಎಂಟಿಯಿಂದ (ಹಳೇ ವಿಟಿ ಸ್ಟೇಷನ್) ಕಲ್ಯಾಣ್, ಅಲ್ಲಿಂದ ಕಸಾರಾ ಒಂದು ಕಡೆ, ಕರ್ಜತ್ ಇನ್ನೊಂದು ಕಡೆ. ಹಾರ್ಬರ್ ಪನ್ವೇಲಿಗೆ. ಈ ಅರ್ಥದಲ್ಲಿ ಲೈನ್ ಅಂದರೆ ಇಡೀ ಮಾರ್ಗ. ಆದರೆ ನಾವು ರೈಲ್ವೆಯವರು “ಫಾಸ್ಟ್ ಲೈನ್, ಸ್ಲೋ ಲೈನ್, ಅಪ್, ಡೌನ್” ಅಂದಾಗ ಅದು ಒಂದೊಂದು ಜೋಡಿ ಹಳಿ. ಭಾನುವಾರ ಮೆಗಾ ಬ್ಲಾಕ್ ಆದಾಗ, ಅಂದರೆ ರಿಪೇರಿಗೆ ಕೆಲವು ಹಳಿ ಮುಚ್ಚಿದಾಗ, “ಫಾಸ್ಟ್ ಗಾಡಿಗಳು ಸ್ಲೋ ಲೈನಿನಲ್ಲಿ ಓಡುತ್ತವೆ” ಅಂತ ಸಾರುತ್ತಾರಲ್ಲ, ಅದು ಇದು.

ಮೂರನೆಯದು ‘ಲೈನ್ ಕ್ಲಿಯರ್’. ಜನ ಇದನ್ನು “ದಾರಿ ಖಾಲಿ ಇದೆ” ಅಂತ ತಿಳಿದಿದ್ದಾರೆ. ರೈಲ್ವೆಯಲ್ಲಿ ಅದು ಅನುಮತಿ. ಮುಂದಿನ ಸ್ಟೇಷನ್ನಿನವರು ಹಿಂದಿನ ಸ್ಟೇಷನ್ನಿಗೆ “ಗಾಡಿ ಬಿಡಬಹುದು” ಅಂತ ಕೊಡುವ ಒಪ್ಪಿಗೆ. ಹಳಿ ಎಷ್ಟೇ ಖಾಲಿ ಕಂಡರೂ ಲೈನ್ ಕ್ಲಿಯರ್ ಸಿಗದೆ ಗಾಡಿ ಬಿಡುವಂತಿಲ್ಲ. ಮುಂಬಯಿ ಲೋಕಲ್ಲಿನಲ್ಲಿ ಹೆಚ್ಚು ಕಡೆ ಆಟೋಮ್ಯಾಟಿಕ್ ಸಿಗ್ನಲ್ ಇರುವುದರಿಂದ ಹಾಗೆ ಗಾಡಿಗೊಂದು ಸಲ ಕೇಳುವ ಪದ್ಧತಿ ಇಲ್ಲ. ಊರ ಕಡೆ ಹೋದರೆ ಇನ್ನೂ ಇದೆ.

ಒಂದು ಹೆಮ್ಮೆಯ ವಿಷಯವನ್ನೂ ಹೇಳಿಬಿಡುತ್ತೇನೆ. ದೇಶದ ಮೊದಲ ಪ್ಯಾಸೆಂಜರ್ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಓಡಿದ್ದು. ಮೊದಲ ಎಲೆಕ್ಟ್ರಿಕ್ ರೈಲು 1925ರ ಫೆಬ್ರವರಿ 3ರಂದು ವಿಟಿಯಿಂದ ಕುರ್ಲಾಗೆ, ಹಾರ್ಬರ್ ಲೈನಿನಲ್ಲಿ. ಆಗ ಮೇಲಿನ ತಂತಿಯಲ್ಲಿ 1500 ವೋಲ್ಟ್ ಡಿಸಿ ಇತ್ತು, ಈಗ 25,000 ವೋಲ್ಟ್ ಎಸಿ. ಆ ತಂತಿಯ ಹತ್ತಿರ ಕೆಲಸ ಮಾಡುವವರಿಗೆ ‘ರೇಖೆ’ ಅಂತ ಬರೆದುಕೊಟ್ಟರೆ ದೇವರೇ ಗತಿ.

ಲೋಕಲ್ ಲಕ್ಷ್ಮಿ

ಮರೀನ್ ಲೈನ್ಸ್ ಸ್ಟೇಷನ್ನಿಗೂ ಸಮುದ್ರದ ಪಕ್ಕ ರೈಲು ಲೈನ್ ಹೋಗುತ್ತದೆ ಅಂತಲೇ ಆ ಹೆಸರು ಬಂದಿದ್ದು, ಅಲ್ವಾ ಅಂಕಲ್?

ಹಳೇ ಮೋಟರ್‌ಮನ್, ಕಲ್ಯಾಣ್

ಅಲ್ಲಮ್ಮ. ತುಂಬಾ ಜನ ಹಾಗೇ ತಿಳಿದಿದ್ದಾರೆ. ಅಲ್ಲಿ ಮೊದಲು ಬ್ರಿಟಿಷರ ಮರೀನ್ ಬೆಟಾಲಿಯನ್ನಿನ ಬಿಡಾರ ಇತ್ತು. ಮರೀನ್ ಬೆಟಾಲಿಯನ್ ಲೈನ್ಸ್. ಸೈನ್ಯದಲ್ಲಿ ಲೈನ್ಸ್ ಅಂದರೆ ಸಾಲಾಗಿ ಕಟ್ಟಿದ ಸಿಪಾಯಿಗಳ ಮನೆಗಳು. ಉತ್ತರದ ಊರುಗಳಲ್ಲಿ ಸಿವಿಲ್ ಲೈನ್ಸ್ ಅನ್ನುವ ಬಡಾವಣೆಗಳಿವೆಯಲ್ಲ, ಅವು ಸಿವಿಲ್ ಅಧಿಕಾರಿಗಳ ಮನೆಗಳಿದ್ದ ಜಾಗ.

ಕಾಫಿ ಹೂವು

ಓಹ್! ಹಾಗಾದರೆ ನಮ್ಮ ಕೊಡಗಿನ ‘ಲೈನ್ ಮನೆ’ಯೂ ಅದೇ ಲೈನ್! ತೋಟದ ಕೆಲಸಗಾರರಿಗೆ ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಮನೆಗಳು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಉದ್ದಕ್ಕೂ ಒಂದೇ ಜಗಲಿ. ಚಿಕ್ಕಮಗಳೂರು ಕಡೆಯೂ ಹಾಗೇ ಹೇಳುತ್ತಾರೆ. ಮರೀನ್ ಲೈನ್ಸಿನಲ್ಲಿ ದಿನಾ ಇಳಿಯುತ್ತೇನೆ, ಎರಡೂ ಒಂದೇ ಅಂತ ಇವತ್ತೇ ಗೊತ್ತಾಗಿದ್ದು.

ಕೆಜಿಎಫ್ ಮೊಮ್ಮಗ

ಕೋಲಾರದ ಚಿನ್ನದ ಗಣಿಯಲ್ಲೂ ಗಣಿ ಕೆಲಸದವರ ಮನೆಗಳಿಗೆ ಲೈನ್ ಅಂತಲೇ ಹೆಸರು. ಅಜ್ಜನ ವಿಳಾಸದಲ್ಲೇ ಲೈನ್ ಇತ್ತು.

ಮಾಟುಂಗಾ ಶೆಟ್ರು

ನಮ್ಮ ಲೈನ್ ಯಾರೂ ಹೇಳಲಿಲ್ಲ ಮಾರಾಯ್ರೇ. ಹೋಟೆಲ್ ಲೈನ್! ಊರಿನಲ್ಲಿ ಯಾರಾದರೂ “ಮಗ ಏನು ಮಾಡ್ತಾನೆ?” ಅಂತ ಕೇಳಿದರೆ “ಬೊಂಬಾಯಿಯಲ್ಲಿ, ಹೋಟೆಲ್ ಲೈನಿನಲ್ಲಿ ಇದ್ದಾನೆ” ಅಂತ ಉತ್ತರ. ಉದ್ಯೋಗ ಅಂತ ಅರ್ಥ. ನನ್ನ ಅಪ್ಪ ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದವರು. ಆಮೇಲೆ ಗಲ್ಲಾಕ್ಕೆ ಬಂದರು. ಅವರ ಕಾಲದಲ್ಲಿ “ಲೈನ್ ಬದಲಾಯಿಸಿದ” ಅಂದರೆ ಹೋಟೆಲ್ ಬಿಟ್ಟು ಬ್ಯಾಂಕಿಗೋ ಮಿಲ್ಲಿಗೋ ಸೇರಿದ ಅಂತ.

ಇನ್ನು ಮಾಟುಂಗಾದವರಿಗೆ ಎರಡು ಲೈನ್ ತಲೆನೋವು ಇದ್ದೇ ಇದೆ. ಸೆಂಟ್ರಲ್ಲಿನಲ್ಲಿ ಮಾಟುಂಗಾ, ವೆಸ್ಟರ್ನಿನಲ್ಲಿ ಮಾಟುಂಗಾ ರೋಡ್. ಮೈಸೂರು ಅಸೋಸಿಯೇಷನ್ ಕಾರ್ಯಕ್ರಮಕ್ಕೆ ಮಾಟುಂಗಾ ರೋಡಿನಲ್ಲಿ ಇಳಿದು ಫೋನ್ ಮಾಡುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ.

ಲೋಕಲ್ ಲಕ್ಷ್ಮಿ

ಹುಡುಗರು ಹೊಡೆಯುವ ಲೈನ್ ಮರೆತಿರಾ ಎಲ್ಲರೂ 😄

ಕಡಲತಡಿ

ಅದನ್ನು ಸುರಕ್ಷತೆ ಪುಸ್ತಿಕೆಯಲ್ಲಿ ಹಾಕಬೇಕಾಗಿಲ್ಲ ತಂಗಿ 😄

ಸಿಸ್ಟರ್ ಸಯನ್

ಆಸ್ಪತ್ರೆಯ ಲೈನಿಗೆ ಬನ್ನಿ. ನಾನು ಐಸಿಯುನಲ್ಲಿ ನರ್ಸ್. ನಮ್ಮಲ್ಲಿ ಲೈನ್ ಅಂದರೆ ರಕ್ತನಾಳದೊಳಗೆ ಇಟ್ಟ ಸಣ್ಣ ಕೊಳವೆ. ಕೈಗೆ ಹಾಕುವುದು ಐವಿ ಲೈನ್. ಕುತ್ತಿಗೆಯಲ್ಲೋ, ಕಾಲರ್ ಮೂಳೆಯ ಕೆಳಗೋ, ತೊಡೆಯ ಸಂದಿಯಲ್ಲೋ ದೊಡ್ಡ ನಾಳಕ್ಕೆ ಹಾಕುವುದು ಸೆಂಟ್ರಲ್ ಲೈನ್. ಈ ಊರಿನಲ್ಲಿ ಸೆಂಟ್ರಲ್ ಲೈನ್ ಅಂದರೆ ಎಲ್ಲರಿಗೂ ಮೊದಲು ರೈಲೇ ನೆನಪಾಗುತ್ತದೆ, ಆದ್ದರಿಂದ ನಾನು ಯಾವಾಗಲೂ “ಕುತ್ತಿಗೆಯಲ್ಲಿ ಔಷಧಿ ಕೊಡುವ ಕೊಳವೆ” ಅಂತಲೇ ಹೇಳುತ್ತೇನೆ.

ನನಗೆ ಹೆಚ್ಚು ಸಂಕಟ ಆಗುವುದು ಇನ್ನೊಂದು ಲೈನಿನಿಂದ. ಫಸ್ಟ್ ಲೈನ್, ಸೆಕೆಂಡ್ ಲೈನ್ ಔಷಧಿ. ಬೀದರ್, ಕಲಬುರಗಿಯಿಂದ ಪರೇಲ್ ಕಡೆ ಚಿಕಿತ್ಸೆಗೆ ಬರುವವರು ತುಂಬಾ ಜನ. ಅವರ ಜೊತೆ ಕನ್ನಡದಲ್ಲಿ ಮಾತಾಡಲು ನನ್ನನ್ನು ಕರೆಯುತ್ತಾರೆ. ಡಾಕ್ಟರು “ಇನ್ನು ಸೆಕೆಂಡ್ ಲೈನ್ ಶುರು ಮಾಡೋಣ” ಅಂದ ತಕ್ಷಣ ಮನೆಯವರ ಮುಖ ಬಾಡುತ್ತದೆ. ಒಬ್ಬ ತಾಯಿ ನನ್ನ ಕೈ ಹಿಡಿದು, “ಅಕ್ಕಾರ, ರೊಕ್ಕ ಕಡಿಮಿ ಬಿತ್ತಂತ ಎರಡನೇ ನಂಬರ್ ಔಷಧಿ ಕೊಡಾಕತ್ತಾರೇನ್ರೀ?” ಅಂತ ಕೇಳಿದರು.

ಹಾಗಲ್ಲ. ಫಸ್ಟ್ ಲೈನ್ ಅಂದರೆ ಮೊದಲು ಕೊಟ್ಟು ನೋಡುವ ಚಿಕಿತ್ಸೆ. ಅದು ನಾಟದಿದ್ದರೆ, ಅಥವಾ ಮೈಗೆ ಒಗ್ಗದಿದ್ದರೆ, ಆಮೇಲೆ ಕೊಡುವುದು ಸೆಕೆಂಡ್ ಲೈನ್. ಟಿಬಿಯಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ಮೊದಲ ಸಾಲಿನವು. ರೋಗಾಣು ಅವಕ್ಕೆ ಬಗ್ಗದಿದ್ದರೆ ಬೇರೆ ಔಷಧಿ. ಎರಡನೆಯದು ಕಳಪೆ ಅಂತ ಅರ್ಥ ಅಲ್ಲವೇ ಅಲ್ಲ. ಎಷ್ಟೋ ಸಲ ಅದಕ್ಕೇ ದುಡ್ಡು ಜಾಸ್ತಿ. ನಾನು “ಮೊದಲ ಹಂತದ ಔಷಧಿ, ಮುಂದಿನ ಹಂತದ ಔಷಧಿ” ಅನ್ನುತ್ತೇನೆ. ‘ಎರಡನೇ’ ಅನ್ನುವ ಪದವನ್ನೇ ಬಿಟ್ಟಿದ್ದೇನೆ.

ಪದಪ್ರಿಯೆ, ಮುಲುಂಡ್

ಸಿಸ್ಟರ್, ‘ಮುಂದಿನ ಹಂತ’ ತುಂಬಾ ಒಳ್ಳೆಯ ಪದ. ಬರೆದಿಟ್ಟುಕೊಂಡೆ. ಆ ತಾಯಿಯ ಮಾತು ಓದಿ ಮನಸ್ಸು ಭಾರವಾಯಿತು.

ಗಣಿತದ ಮೇಷ್ಟ್ರು, ಡೊಂಬಿವ್ಲಿ

‘ರೇಖೆ’ ಪದವನ್ನು ಎಲ್ಲರೂ ಸೇರಿ ಬೈಯುತ್ತಿದ್ದೀರಿ. ಅದರ ಪರವಾಗಿ ನಾನು ನಿಲ್ಲಬೇಕು.

ರೇಖೆ ಗಣಿತದಲ್ಲಿ ಅಚ್ಚುಕಟ್ಟಾಗಿ ಕೂತಿರುವ ಪದ. ಸರಳರೇಖೆಗೆ ತುದಿ ಇಲ್ಲ, ಎರಡೂ ಕಡೆ ಹೋಗುತ್ತಲೇ ಇರುತ್ತದೆ. ಎರಡು ತುದಿ ಇದ್ದರೆ ರೇಖಾಖಂಡ. ಒಂದೇ ತುದಿ ಇದ್ದರೆ ಕಿರಣ. ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ರೇಖೆಯನ್ನು ‘ಅಗಲವಿಲ್ಲದ ಉದ್ದ’ ಎಂದ. ನೀವು ಪೆನ್ಸಿಲಿನಲ್ಲಿ ಎಳೆದದ್ದಕ್ಕೂ ಸ್ವಲ್ಪ ಅಗಲ ಇರುತ್ತದೆ. ಆದ್ದರಿಂದ ಅದು ಗೆರೆ. ರೇಖೆ ಇರುವುದು ಬುದ್ಧಿಯಲ್ಲಿ, ಗೆರೆ ಇರುವುದು ಕಾಗದದ ಮೇಲೆ. ಈ ವ್ಯತ್ಯಾಸ ಇಂಗ್ಲಿಷಿನ ‘ಲೈನ್’ನಲ್ಲಿ ಇಲ್ಲ, ಕನ್ನಡದಲ್ಲಿ ಇದೆ. ನನ್ನ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅರಳುತ್ತದೆ.

ತಪ್ಪು ಪದದ್ದಲ್ಲ. ಹಗ್ಗ ಇರುವ ಕಡೆ ಅದನ್ನು ತಂದು ಕೂರಿಸಿದವರದ್ದು.

ಸುದ್ದಿಮನೆ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಪತ್ರಿಕೆಯಲ್ಲೂ ರೇಖೆಗೆ ಜಾಗ ಇದೆ. ‘ಗಡಿ ನಿಯಂತ್ರಣ ರೇಖೆ’, ‘ವಾಸ್ತವ ನಿಯಂತ್ರಣ ರೇಖೆ’ ಎರಡೂ ಓದುಗರಿಗೆ ಗೊತ್ತು. ಮೊದಲನೆಯದು ಪಾಕಿಸ್ತಾನದ ಕಡೆ, 1972ರ ಶಿಮ್ಲಾ ಒಪ್ಪಂದದ ನಂತರ ಬಂದ ಹೆಸರು. ಅದಕ್ಕೆ ಮೊದಲು ಕದನ ವಿರಾಮ ರೇಖೆ ಅನ್ನುತ್ತಿದ್ದರು. ಎರಡನೆಯದು ಚೀನಾ ಕಡೆ. ಇಲ್ಲಿ ‘ಗೆರೆ’ ಅಂದರೆ ಹೊಂದುವುದಿಲ್ಲ, ‘ಲೈನ್’ ಅಂತ ಬಿಟ್ಟರೆ ತೂಕ ಇರುವುದಿಲ್ಲ.

ಅಂದ ಹಾಗೆ, ‘ಡೆಡ್‌ಲೈನ್’ ಮೊದಲು ನಿಜವಾದ ಗೆರೆಯೇ ಆಗಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಸುಮಾರಿಗೆ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಮನೆಯ ಒಳಗೆ ಒಂದು ಎಲ್ಲೆ ಹಾಕಿದ್ದರು. ಕೈದಿ ಅದನ್ನು ದಾಟಿದರೆ ಗುಂಡು. ಪತ್ರಿಕೆಯವರು ಆಮೇಲೆ ಅದನ್ನು ಗಡುವಿಗೆ ಬಳಸಿಕೊಂಡರು.

ಶಿವಾಜಿ ಪಾರ್ಕ್

ಕ್ರಿಕೆಟ್ಟಿನಲ್ಲಿ ಲೈನ್ ಅಂದರೆ ಚೆಂಡು ಯಾವ ಸ್ಟಂಪಿನ ನೇರಕ್ಕೆ ಬರುತ್ತಿದೆ ಅನ್ನುವುದು. ಲೆಂಗ್ತ್ ಅಂದರೆ ಎಲ್ಲಿ ಪುಟಿಯಿತು ಅನ್ನುವುದು. ಇದಕ್ಕೆ ಕನ್ನಡ ಹುಡುಕಬೇಡಿ, ದಯವಿಟ್ಟು.

ಟೈಲರ್ ಅಕ್ಕ, ಘಾಟ್‌ಕೋಪರ್

ನಾನು ಬ್ಲೌಸ್ ಹೊಲಿಯುವವಳು. ನಮ್ಮಲ್ಲಿ ‘ಲೈನಿಂಗ್’ ಅಂತ ಇದೆ. ಒಳಗೆ ಹಾಕುವ ತೆಳು ಹತ್ತಿ ಬಟ್ಟೆ. ಇಲ್ಲಿ ಮರಾಠಿಯವರು ಅಸ್ತರ್ ಅನ್ನುತ್ತಾರೆ. ರೇಷ್ಮೆ ಬ್ಲೌಸಿಗೆ ಅಸ್ತರ್ ಹಾಕದಿದ್ದರೆ ಹೊಲಿಗೆಯ ಹತ್ತಿರ ಬಟ್ಟೆ ಜಗ್ಗುತ್ತದೆ. ಬೆವರಿಗೂ ಬೇಗ ಹಾಳಾಗುತ್ತದೆ. ಅಸ್ತರನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒಗೆದ ಮೇಲೆ ಅದು ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಇದಕ್ಕೂ ನಿಮ್ಮ ಲೈನಿಗೂ ಸಂಬಂಧ ಇದೆಯಾ, ಹೆಸರು ಮಾತ್ರ ಒಂದೇನಾ?

ಬೇರು ಹುಡುಕುವವ

ಸಂಬಂಧ ಇದೆ ಅಕ್ಕ, ಅದೂ ಹತ್ತಿರದ್ದು. ಲ್ಯಾಟಿನಿನಲ್ಲಿ ‘ಲೀನುಮ್’ ಅಂದರೆ ಅಗಸೆ ಗಿಡ. ಅಗಸೆ ನಾರಿನಿಂದ ಮಾಡಿದ ದಾರಕ್ಕೆ ‘ಲೀನೆಯಾ’. ಅದರಿಂದ ಬಂದದ್ದು ಲೈನ್. ಅಂದರೆ ಮೂಲದಲ್ಲಿ ಲೈನ್ ಅಂದರೆ ದಾರ! ಎಳೆದು ಕಟ್ಟಿದ ದಾರ ನೇರವಾಗಿರುತ್ತದೆ, ಅದರಿಂದ ಗೆರೆ ಎಂಬ ಅರ್ಥ ಬಂತು. ಗಾರೆ ಕೆಲಸದವರು ಗೋಡೆ ನೇರ ಬರಲು ಈಗಲೂ ದಾರ ಕಟ್ಟುತ್ತಾರೆ, ಅದಕ್ಕೆ ಇಲ್ಲಿ ‘ಲೈನ್ ದೋರಿ’ ಅನ್ನುತ್ತಾರೆ. ಅಗಸೆ ನಾರಿನ ಬಟ್ಟೆ ಲಿನನ್. ಉಡುಪಿನ ಒಳಗೆ ಲಿನನ್ ಹಾಕುತ್ತಿದ್ದರಿಂದ ಲೈನಿಂಗ್. ಅಗಸೆ ಬೀಜ ಲಿನ್‌ಸೀಡ್. ಎಲ್ಲ ಒಂದೇ ಮನೆಯವು.

ಕಡಲತಡಿಯವರ ಹಗ್ಗ ಇದೆಯಲ್ಲ, ಅದೇ ಎಲ್ಲಕ್ಕಿಂತ ಹಳೆಯ ಅರ್ಥಕ್ಕೆ ಹತ್ತಿರ. ರೇಖೆ ಆಮೇಲೆ ಬಂದದ್ದು.

ಜವಾರಿ ರುಚಿ

ಅಗಸೆ ಅಂದ ಕೂಡಲೇ ಬಾಯಲ್ಲಿ ನೀರು! ನಮ್ಮ ವಿಜಯಪುರದ ಅಗಸಿ ಹಿಂಡಿ. ಅಗಸೆ ಹುರಿದು, ಒಣಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ, ಬಿಸಿ ರೊಟ್ಟಿಗೆ ಎಣ್ಣೆ ಕಲಸಿ. ಇಲ್ಲಿ ಅಂಗಡಿಯಲ್ಲಿ ‘ಜವಸ’ ಅಂತ ಕೇಳಿದರೆ ಕೊಡುತ್ತಾರೆ. ಹಸಿ ವಾಸನೆ ಹೋಗುವ ತನಕ ಸಣ್ಣ ಉರಿಯಲ್ಲಿ ಹುರಿಯಬೇಕು, ಚಟಪಟ ಅನ್ನುತ್ತದೆ.

ಸೇಫ್ಟಿ ತಳೋಜಾ

ಟೈಲರ್ ಅಕ್ಕನ ಲೈನಿಂಗ್ ನಮ್ಮಲ್ಲೂ ಇದೆ. ಆಸಿಡ್ ಟ್ಯಾಂಕಿನ ಒಳಗೆ ರಬ್ಬರ್ ಲೈನಿಂಗ್, ಕುಲುಮೆಯ ಒಳಗೆ ಇಟ್ಟಿಗೆ ಲೈನಿಂಗ್. ಪದಪ್ರಿಯೆ ಮೇಡಂ, ಪುಸ್ತಿಕೆಯಲ್ಲಿ “ಲೈನ್ಡ್ ಟ್ಯಾಂಕ್” ಬಂದಿದ್ದರೆ ನೋಡಿಕೊಳ್ಳಿ. ಅದನ್ನು “ರೇಖೆ ಎಳೆದ ತೊಟ್ಟಿ” ಮಾಡಿರಬಹುದು.

ಪದಪ್ರಿಯೆ, ಮುಲುಂಡ್

ಈಗಷ್ಟೇ ತೆಗೆದು ನೋಡಿದೆ ಸರ್. “ಗೆರೆಯುಳ್ಳ ತೊಟ್ಟಿ” ಅಂತ ಇದೆ! ಅದನ್ನು ‘ಒಳಪದರ ಹಾಕಿದ ಟ್ಯಾಂಕ್’ ಮಾಡುತ್ತೇನೆ.

ವಿಮೆ ಫೋರ್ಟ್

ನಮ್ಮದು ಯಾರಿಗೂ ಗೊತ್ತಿರದ ಲೈನ್. ಮರುವಿಮೆ ಅಂದರೆ ವಿಮಾ ಕಂಪನಿ ತನ್ನ ಹೊರೆಯ ಒಂದು ಪಾಲನ್ನು ಇನ್ನೊಂದು ಕಂಪನಿಗೆ ಹೊರಿಸುವುದು. ಅದರಲ್ಲಿ ಒಂದು ಲೈನ್ ಅಂದರೆ ವಿಮಾ ಕಂಪನಿ ಒಂದು ಪಾಲಿಸಿಯಲ್ಲಿ ತನ್ನ ಮೇಲೆ ಇಟ್ಟುಕೊಳ್ಳುವ ಮೊತ್ತ. ಉದಾಹರಣೆಗೆ ಕಂಪನಿ 10 ಲಕ್ಷ ತಾನು ಇಟ್ಟುಕೊಂಡು, 9 ಲೈನಿನ ಸರ್‌ಪ್ಲಸ್ ಒಪ್ಪಂದ ಮಾಡಿಕೊಂಡರೆ, ಅದರ ಒಂಬತ್ತು ಪಟ್ಟು, ಅಂದರೆ 90 ಲಕ್ಷದ ತನಕ ಮರುವಿಮೆಯವರು ಹೊರುತ್ತಾರೆ. ಒಟ್ಟು 1 ಕೋಟಿಯ ಪಾಲಿಸಿ ಕೊಡಬಹುದು. ಅಲ್ಲಿ ಲೈನ್ ಅಂದರೆ ಗೆರೆಯೂ ಅಲ್ಲ, ಹಗ್ಗವೂ ಅಲ್ಲ. ಅಳತೆ.

ಕಡಲತಡಿ

ಹಡಗಿನಲ್ಲೂ ಅಳತೆಯ ಲೈನ್ ಇದೆ. ಲೋಡ್ ಲೈನ್. ಹಡಗಿನ ಹೊರಮೈ ಮೇಲೆ, ನಟ್ಟನಡುವೆ, ಒಂದು ವೃತ್ತ, ಅದರ ಮಧ್ಯೆ ಅಡ್ಡಗೆರೆ. ಪಕ್ಕದಲ್ಲಿ ಏಣಿಯ ಹಾಗೆ ಸಣ್ಣ ಸಣ್ಣ ಗೆರೆಗಳು. ಸಿಹಿನೀರಿಗೆ ಬೇರೆ, ಉಷ್ಣವಲಯದ ಸಮುದ್ರಕ್ಕೆ ಬೇರೆ, ಬೇಸಿಗೆಗೆ ಬೇರೆ, ಚಳಿಗಾಲಕ್ಕೆ ಬೇರೆ. ಸರಕು ತುಂಬಿದಾಗ ಆಯಾ ಗೆರೆ ನೀರಿನಲ್ಲಿ ಮುಳುಗಬಾರದು.

ಇದು ಸುಮ್ನೆ ಬಂದದ್ದಲ್ಲ. ಲಾಭದ ಆಸೆಗೆ ಹಡಗಿಗೆ ಮಿತಿಮೀರಿ ತುಂಬಿ ಕಳಿಸುತ್ತಿದ್ದರು. ಹಡಗು ಮುಳುಗಿದರೆ ಮಾಲೀಕನಿಗೆ ವಿಮೆ ಸಿಗುತ್ತಿತ್ತು, ನಾವಿಕರ ಜೀವ ಹೋಗುತ್ತಿತ್ತು. ಸ್ಯಾಮ್ಯುಯೆಲ್ ಪ್ಲಿಮ್‌ಸೋಲ್ ಎಂಬ ಬ್ರಿಟಿಷ್ ಸಂಸದ ವರ್ಷಗಟ್ಟಲೆ ಹೋರಾಡಿ 1876ರಲ್ಲಿ ಈ ಗುರುತು ಕಡ್ಡಾಯ ಮಾಡಿಸಿದ. ಗೆರೆ ಎಲ್ಲಿ ಇರಬೇಕು ಅನ್ನುವುದನ್ನೂ ಕಾನೂನೇ ಹೇಳಿದ್ದು ಇನ್ನೂ ಆಮೇಲೆ. ಅಲ್ಲಿಯ ತನಕ ಮಾಲೀಕನೇ ತನಗೆ ಬೇಕಾದ ಕಡೆ ಬರೆಯುತ್ತಿದ್ದ.

ಭಾವುಚಾ ಧಕ್ಕಾದ ಹತ್ತಿರ ದೊಡ್ಡ ಹಡಗು ಕಂಡರೆ ಈ ಗುರುತು ಹುಡುಕಿ ನೋಡಿ.

ಸೈಟ್ ಸೂಪರ್‌ವೈಸರ್, ಭಿವಂಡಿ

ಇಷ್ಟೆಲ್ಲ ಓದಿದೆ. ಒಪ್ಪುತ್ತೇನೆ, ಒಂಟಿ ಲೈನ್ ಬೇಡ. ಆದರೆ ನನ್ನ ಮಾತನ್ನೂ ಸ್ವಲ್ಪ ಕೇಳಿ. ಕೆಲಸದವರ ಬಾಯಲ್ಲಿ ಇರುವ ಪದವನ್ನು ಕಿತ್ತುಹಾಕಬೇಡಿ. ನಮ್ಮ ಕ್ರೇನ್ ಹುಡುಗರು ಮೇಲೆತ್ತಲು ‘ಹಬೇಸ್’, ಇಳಿಸಲು ‘ಆರಿಯಾ’ ಅಂತ ಕೂಗುತ್ತಾರೆ. ಯಾವ ಭಾಷೆಯದ್ದೋ, ಹಳೇ ಖಲಾಸಿಗಳಿಂದ ಬಂದದ್ದು. ಒಬ್ಬನಿಗೂ ಗೊಂದಲ ಇಲ್ಲ. ನೀವು ‘ಮೇಲಕ್ಕೆತ್ತಿರಿ, ಕೆಳಗಿಳಿಸಿರಿ’ ಅಂತ ಮಾತ್ರ ಬರೆದರೆ, ಅಲ್ಲಿ ಕೂಗುವ ಮಾತಿಗೂ ಪುಸ್ತಿಕೆಗೂ ಸಂಬಂಧವೇ ಇರುವುದಿಲ್ಲ.

ಕಡಲತಡಿ

ಇದು ನೂರಕ್ಕೆ ನೂರು ಸರಿ. ‘ಆರಿಯಾ’ ಪೋರ್ಚುಗೀಸರ ಹಡಗಿನಿಂದ ಬಂದ ಪದ. ಹೊಸಬನಿಗೆ ಮೊದಲ ದಿನವೇ ಕಲಿಸುತ್ತಾರೆ. ಎರಡನ್ನೂ ಹಾಕಿ ಮೇಡಂ.

ಜವಾರಿ ರುಚಿ

ಇಂಗ್ಲಿಷಿನ ಒಂದು ಪದಕ್ಕೆ ಇಷ್ಟು ಅರ್ಥ ಅಂತ ಆಶ್ಚರ್ಯ ಪಡುತ್ತೀರಲ್ಲ, ನಮ್ಮ ‘ಕಟ್ಟು’ ನೋಡಿ. ಮನೆ ಕಟ್ಟು, ಫೀಸು ಕಟ್ಟು, ಬುತ್ತಿ ಕಟ್ಟು, ಮೂಗು ಕಟ್ಟಿದೆ, ಫೋಟೋಗೆ ಕಟ್ಟು ಹಾಕಿಸು. ಹೋಳಿಗೆಯ ಬೇಳೆ ಬಸಿದ ನೀರೂ ಕಟ್ಟು, ಅದರ ಸಾರು ಕಟ್ಟಿನ ಸಾರು. ಇಲ್ಲಿ ಪಕ್ಕದ ಮನೆ ಮರಾಠಿ ಕಾಕೂ ಅದನ್ನೇ ‘ಕಟಾಚಿ ಆಮ್ಟಿ’ ಅಂತ ಮಾಡುತ್ತಾರೆ.

ಟೈಲರ್ ಅಕ್ಕ, ಘಾಟ್‌ಕೋಪರ್

ನಾಳೆ ಯಾರಾದರೂ ಕಟ್ಟಿನ ಸಾರನ್ನು ಇಂಗ್ಲಿಷಿಗೆ ಮಾಡಿದರೆ ಏನಾಗುತ್ತದೋ!

ಪದಪ್ರಿಯೆ, ಮುಲುಂಡ್

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಇವತ್ತು ಕೂತು ಈ ನಾಲ್ಕು ಸಾಲು ತಿದ್ದಿದೆ. ನಾಲ್ಕನೆಯದರ ‘ರೇಖಾ ವ್ಯವಸ್ಥಾಪಕ’ ಅಂದರೆ ‘ಲೈನ್ ಮ್ಯಾನೇಜರ್’, ನೇರ ಮೇಲಧಿಕಾರಿ. ನೋಡಿ ಹೇಳಿ:

“ಹಡಗು ಕಟ್ಟುವಾಗ ಬಿಗಿಯಾದ ಹಗ್ಗದಿಂದ ದೂರ ನಿಲ್ಲಿ.”
“ಪೈಪ್ ಲೈನ್ ಬಿಚ್ಚುವ ಮೊದಲು ಪರ್ಮಿಟ್ ಪಡೆಯಿರಿ.”
“ತಂತಿಯಲ್ಲಿ ಕರೆಂಟ್ ಇಲ್ಲ ಎಂದು ಟೆಸ್ಟರ್ ಹಚ್ಚಿ ನೋಡಿಕೊಳ್ಳಿ.”
“ತೊಂದರೆ ಕಂಡರೆ ನಿಮ್ಮ ಮೇಲಿನ ಸೂಪರ್‌ವೈಸರಿಗೆ ತಿಳಿಸಿ.”

ಕ್ರೇನಿನ ಪುಟದಲ್ಲಿ ‘ಹಬೇಸ್’, ‘ಆರಿಯಾ’ ಎರಡನ್ನೂ ಕನ್ನಡ ಅರ್ಥದ ಜೊತೆ ಸೇರಿಸುತ್ತೇನೆ. ಹಗ್ಗದ ಚಿತ್ರ ಬೇಕು ಎಂದು ಕಂಪನಿಯವರಿಗೂ ಬರೆದಿದ್ದೇನೆ.

ವೈರಮನ್ ವಸಾಯಿ

ಮೂರನೇ ಸಾಲಿನಲ್ಲಿ ಒಂದು ತಿದ್ದುಪಡಿ. ಮನೆಯಲ್ಲಿ ಬಳಸುವ ಸ್ಕ್ರೂಡ್ರೈವರ್ ಟೆಸ್ಟರನ್ನು ಫ್ಯಾಕ್ಟರಿಯಲ್ಲಿ ನಂಬಬಾರದು. ಕೈಗೆ ಗ್ಲೌಸ್ ಇದ್ದರೆ, ಇಲ್ಲ ಒಣ ಮರದ ಮೇಲೆ ನಿಂತಿದ್ದರೆ ಕೆಲವೊಮ್ಮೆ ಅದು ಉರಿಯುವುದಿಲ್ಲ, ತಂತಿಯಲ್ಲಿ ಮಾತ್ರ ಕರೆಂಟ್ ಇರುತ್ತದೆ. “ಸರಿಯಾದ ಮೀಟರಿನಿಂದ ಅಳೆದು ನೋಡಿ” ಅಂತ ಬರೆಯಿರಿ. ಅಳೆಯುವ ಮೊದಲೂ ಆಮೇಲೂ, ಕರೆಂಟ್ ಇದೆ ಎಂದು ಗೊತ್ತಿರುವ ಇನ್ನೊಂದು ಕಡೆ ಅದೇ ಮೀಟರ್ ಹಚ್ಚಿ, ಮೀಟರ್ ಸರಿ ಇದೆಯಾ ಅಂತ ನೋಡಬೇಕು. ಅದನ್ನೂ ಸೇರಿಸಿ.

ಕಡಲತಡಿ

ಮೊದಲನೇ ಸಾಲಿಗೂ ಸ್ವಲ್ಪ ಸೇರಿಸಿ ಮೇಡಂ. ಬರೀ ‘ದೂರ’ ಸಾಲದು, ಎಷ್ಟು ದೂರ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? “ಬಿಗಿಯಾದ ಹಗ್ಗದ ನೇರಕ್ಕೆ ನಿಲ್ಲಬೇಡಿ, ಹಗ್ಗದ ಸುರುಳಿಯೊಳಗೆ ಕಾಲಿಡಬೇಡಿ, ಹಗ್ಗವನ್ನು ದಾಟಬೇಡಿ.” ಹೀಗೆ ಬರೆದರೆ ಧಕ್ಕೆಯಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ. ಚಿತ್ರಕ್ಕೆ ಫೋಟೋ ಬೇಕಿದ್ದರೆ ಹೇಳಿ, ಡ್ಯೂಟಿ ಮುಗಿದ ಮೇಲೆ ಅನುಮತಿ ಕೇಳಿ ತೆಗೆದು ಕಳಿಸುತ್ತೇನೆ.